ಮಳೆನೀರಿಗೆಂದು ತೋಡಿದ ಗುಂಡಿ

ನಮ್ಮದು ತೆಂಗಿನ ನಾರಿನ ಫ್ಯಾಕ್ಟರಿ. ಫ್ಯಾಕ್ಟರಿ ಎಂದ ಕೂಡಲೇ ದೊಡ್ಡ ಗೇಟು, ಯೂನಿಫಾರಂ, ಸೈರನ್ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಸಿಂಗಟಗೆರೆಯಿಂದ ಪಂಚನಹಳ್ಳಿ ಕಡೆಗೆ ಹೋಗುವಾಗ ರಸ್ತೆಗೆ ತಾಗಿದಂತೆ ನಮ್ಮ ಅಪ್ಪನ ಕಾಲದ ಖುಷ್ಕಿ ಹೊಲವಿದೆ. ಅದರಲ್ಲಿ ಎರಡು ತಗಡಿನ ಶೆಡ್ಡು, ಮುಂದೆ ವಿಶಾಲವಾದ ಕಾಂಕ್ರೀಟ್ ಅಂಗಳ, ಅಷ್ಟೆ. ಸುತ್ತಲ ತೋಟಗಳಿಂದ ಟ್ರ್ಯಾಕ್ಟರಿನಲ್ಲಿ ತೆಂಗಿನಕಾಯಿ ಸುಲಿದ ಮಟ್ಟೆ ಬರುತ್ತದೆ. ಮಿಷನ್ನು ಅದನ್ನು ಬಡಿದು ನಾರು ಒಂದು ಕಡೆ, ಪುಡಿ ಒಂದು ಕಡೆ ಮಾಡುತ್ತದೆ. ನಾರು ಹಗ್ಗಕ್ಕೂ ಹಾಸಿಗೆಗೂ ಹೋಗುತ್ತದೆ. ಪುಡಿಯನ್ನು ತೊಟ್ಟಿಯಲ್ಲಿ ತೊಳೆದು, ಉಪ್ಪಿನಂಶ ತೆಗೆದು, ಅಂಗಳದಲ್ಲಿ ಒಣಗಿಸಿ, ಪ್ರೆಸ್ಸಿನಲ್ಲಿ ಇಟ್ಟಿಗೆಯಂತೆ ಒತ್ತಿ ನರ್ಸರಿಗಳಿಗೆ ಕಳಿಸುತ್ತಿದ್ದೆವು. ವ್ಯಾಪಾರ, ಲಾರಿ, ಆಫೀಸುಗಳ ಓಡಾಟ ಅಣ್ಣನದು. ಅಂಗಳ, ಒಣಗಿಸುವ ಕೆಲಸ, ಕೆಲಸದ ಹೆಂಗಸರು ನನ್ನ ಪಾಲಿಗಿದ್ದವು. ಈಗ ‘ನಮ್ಮದು’ ಎಂದು ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ. ಆದರೂ ಹಾಗೇ ಬರೆದಿದ್ದೇನೆ.

ಅಣ್ಣನ ಬಗ್ಗೆ ಮೊದಲೇ ಒಂದು ಮಾತು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದ್ದೆಲ್ಲ ಅವನ ಮೇಲಿನ ಹಳೆಯ ಸಿಟ್ಟಿನಂತೆ ಕಾಣುತ್ತದೆ. ಅಪ್ಪ ತೀರಿಕೊಂಡಾಗ ನಾನು ಮದುವೆಯಾಗಿ ಕಡೂರಿನಲ್ಲಿದ್ದೆ. ಹೆಣ್ಣುಮಕ್ಕಳಿಂದ ಸಹಿ ಹಾಕಿಸಿಕೊಂಡು, ಒಂದು ಸೀರೆ ಕೊಟ್ಟು ಕಳಿಸುವ ನಮ್ಮ ಕಡೆಯ ಪದ್ಧತಿಯಂತೆ ನನ್ನನ್ನೂ ಕಳಿಸುತ್ತಾನೆಂದೇ ಎಲ್ಲರೂ ತಿಳಿದಿದ್ದರು. ಅಣ್ಣ ಹಾಗೆ ಮಾಡಲಿಲ್ಲ. “ಖಾತೇಲಿ ನಿನ್ನ ಹೆಸರೂ ಇರ್ಲಿ ಕಣೇ. ಅಪ್ಪನ ಹೊಲ ನನ್ನೊಬ್ಬಂದಾ?” ಎಂದ. ನಾಡಕಚೇರಿಯ ಮೆಟ್ಟಿಲ ಮೇಲೆ ಕೂತು ನಾನು ಅತ್ತೆ. ಫ್ಯಾಕ್ಟರಿ ಶುರು ಮಾಡಿದಾಗ ದಿನಾ ಬೆಳಿಗ್ಗೆ ಬಸ್ಸು ಹಿಡಿದು ಕಡೂರಿನಿಂದ ಬರುತ್ತಿದ್ದದ್ದು ಆ ಒಂದು ಮಾತಿನ ಋಣಕ್ಕೆ.

ನಮ್ಮ ಸೀಮೆಯ ಮಳೆಯ ಸ್ವಭಾವ ನಿಮಗೆ ಗೊತ್ತಿರಬಹುದು. ಬಾ ಎಂದರೆ ಬರುವುದಿಲ್ಲ. ಬಂದರೆ ತಿಂಗಳದ್ದನ್ನೆಲ್ಲ ಒಂದು ಗಂಟೆಯಲ್ಲಿ ಸುರಿದು ಹೋಗುತ್ತದೆ. ತಗಡಿನ ಮಾಡು, ಕಾಂಕ್ರೀಟ್ ಅಂಗಳ, ಎಲ್ಲೂ ಒಂದು ತೊಟ್ಟು ಇಂಗಲು ಜಾಗವಿರಲಿಲ್ಲ. ನೀರು ಅಂಗಳದಲ್ಲಿ ಮೊಣಕಾಲುದ್ದ ನಿಂತು ಪ್ರೆಸ್ಸಿನ ಶೆಡ್ಡಿಗೆ ನುಗ್ಗುತ್ತಿತ್ತು. ಮೋಟಾರು ಸುಡುತ್ತಿತ್ತು. ವಾರಗಟ್ಟಲೆ ಒಣಗಿಸಿದ ಪುಡಿ ತೇಲಿ ರಸ್ತೆಗೆ ಹೋಗುತ್ತಿತ್ತು. ಲಾರಿಗಳು ಗೇಟಿನ ಕೆಸರಿನಲ್ಲಿ ಹೂತುಕೊಂಡು, ಡ್ರೈವರುಗಳು ನಮ್ಮ ವಂಶವನ್ನೆಲ್ಲ ನೆನೆಯುತ್ತಿದ್ದರು. ಒಂದು ಮಳೆಗೆ ನಾಲ್ಕು ದಿನ ಕೆಲಸ ನಿಲ್ಲುತ್ತಿತ್ತು.

ಉಳಿದ ನೀರು ಬದು ಹಾರಿ ಕೆಳಗಿನ ಹೊಲಕ್ಕೆ ಇಳಿಯುತ್ತಿತ್ತು. ಆ ಹೊಲದಲ್ಲೇ ಮನೆ ಕಟ್ಟಿಕೊಂಡು ಗಂಡ ಹೆಂಡತಿ ಇದ್ದಾರೆ. ಆಕೆಯನ್ನು ನಾನು ಅಕ್ಕ ಎನ್ನುತ್ತೇನೆ. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ದೊಡ್ಡವಳಿರಬಹುದು. ಒಂದಷ್ಟು ತೆಂಗು, ಒಂದಷ್ಟು ಈರುಳ್ಳಿ, ನಾಲ್ಕು ಎಮ್ಮೆ. ಅಷ್ಟಕ್ಕೂ ಮನೆಯ ಕುಡಿಯುವ ನೀರಿಗೂ ಒಂದೇ ಬೋರ್‌ವೆಲ್. ಒಂದು ಮಳೆಯ ಮಾರನೆಯ ದಿನ ಆಕೆ ಗೇಟಿನ ಹತ್ತಿರ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ನಿಮ್ಮ ಫ್ಯಾಕ್ಟರಿ ಕಾಫಿ ನಮ್ಮ ಈರುಳ್ಳಿಗೆ ಬೇಡ ಕಣವ್ವಾ. ಬೇಕಾದ್ರೆ ನಿಮ್ಮಣ್ಣಂಗೇ ಒಂದು ಲೋಟ ಬಗ್ಗಿಸ್ಕೊಡು,” ಎಂದಳು.

ಹೋಗಿ ನೋಡಿದೆ. ಬೆಳೆಯ ಮೇಲೆ ಪುಡಿ ಕಲಸಿದ ಕಂದು ನೀರು ನಿಂತಿತ್ತು. ಆಕೆಯ ಬಾಯಿಗಿಂತ ಅದನ್ನು ನೋಡುವುದೇ ಹೆಚ್ಚು ಕಷ್ಟವಾಯಿತು.

ಆ ವರ್ಷವೇ ತರೀಕೆರೆಯಲ್ಲಿ ಸಣ್ಣ ಕೈಗಾರಿಕೆಯವರಿಗೆಂದು ಮಳೆನೀರಿನ ಎರಡು ದಿನದ ತರಬೇತಿ ಇಟ್ಟಿದ್ದರು. ಅಣ್ಣನಿಗೆ ಹೋಗಲು ಬೇಜಾರು, ನನ್ನನ್ನು ಅಟ್ಟಿದ. ನಾನು ಊಟ ಚೆನ್ನಾಗಿರುತ್ತದೆ ಎಂದು ಹೋದೆ. ಊಟ ಸಪ್ಪೆಯಾಗಿತ್ತು, ಪಾಠ ಮಾತ್ರ ತಲೆಗೆ ಹತ್ತಿತು. ಮಳೆನೀರನ್ನು ಫ್ಯಾಕ್ಟರಿಯಿಂದ ಹೊರಗೆ ಓಡಿಸಬೇಡಿ, ಅದಕ್ಕೆ ಒಳಗೇ ಕೂರಲು ಜಾಗ ಕೊಡಿ, ಹುಲ್ಲಿನ ಕಾಲುವೆ ಮಾಡಿ, ಗಿಡದ ಬೇರಿನಿಂದ ಸೋಸಿ, ನೆಲಕ್ಕೆ ಇಳಿಸಿ ಎಂದು ಅವರು ಹೇಳುತ್ತಿದ್ದರೆ, ನನಗೆ ನಮ್ಮ ಅಂಗಳದ ಮೂಲೆಯಲ್ಲಿ ಬತ್ತಿಹೋಗಿ ಕಲ್ಲು ಮುಚ್ಚಿದ ಹಳೆಯ ಬೋರ್‌ವೆಲ್ ಕಣ್ಣಮುಂದೆ ಬಂತು.

ಅಣ್ಣ ಕೇಳಿ ನಕ್ಕ. “ಲೋಕದೋರೆಲ್ಲ ಕಾಂಕ್ರೀಟ್ ಹಾಕಿಸ್ತಾರೆ, ನೀನು ಹಾಕಿರೋದನ್ನ ಒಡೆಸ್ತೀನಿ ಅಂತೀಯ. ಹುಲ್ಲು ಬೆಳೆದ್ಮೇಲೆ ಹಸು ಕಟ್ಟೋಣ್ವಾ?”

“ಹಸು ಯಾಕೆ, ನಿನ್ನನ್ನೇ ಕಟ್ತೀನಿ,” ಎಂದೆ. ನಗುತ್ತಲೇ ಒಪ್ಪಿದ.

ಅಂಗಳದ ತಗ್ಗಿನ ಅಂಚಿನಲ್ಲಿ ಉದ್ದಕ್ಕೂ ಕಾಂಕ್ರೀಟ್ ಒಡೆಸಿ ಮೊಣಕಾಲುದ್ದದ ಕಾಲುವೆ ತೆಗೆಸಿದೆ. ಅದರ ತಳಕ್ಕೆ ಏನು ಹಾಕಬೇಕೆಂದು ತರೀಕೆರೆಯವರು ಬರೆಸಿದ್ದು ಬೇರೆ, ನಾನು ಹಾಕಿದ್ದು ಬೇರೆ. ನಮ್ಮ ಕಡೆ ತೆಂಗಿನ ಬುಡದ ಸುತ್ತ ಮಟ್ಟೆ ಹೂಳುತ್ತಾರೆ, ಹೊಟ್ಟೆ ಮೇಲಾಗಿ, ಬಟ್ಟಲು ಜೋಡಿಸಿದ ಹಾಗೆ. ಒಂದು ಮಳೆಯ ನೀರನ್ನು ಅವು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತವೆ. ಅಮ್ಮ ಮಾಡುತ್ತಿದ್ದದ್ದನ್ನೇ ನಾನೂ ಮಾಡಿದೆ, ಎರಡು ಸಾಲು ಮಟ್ಟೆ ಜೋಡಿಸಿ, ಮೇಲೆ ಮಣ್ಣು ಹಾಕಿ, ಗರಿಕೆ ಮತ್ತು ಲಾವಂಚ ನೆಟ್ಟೆ. ಕಾಲುವೆಯ ಕೊನೆಗೆ ಬತ್ತಿದ ಬೋರ್‌ವೆಲ್ಲಿನ ಸುತ್ತ ಗುಂಡಿ. ಬೋರಿನ ಪೈಪಿಗೆ ಸೀಳು ಹಾಕಿಸಿ, ಜಾಲರಿ ಸುತ್ತಿ, ಗುಂಡಿಗೆ ದಪ್ಪ ಕಲ್ಲು, ಜಲ್ಲಿ, ತೆಂಗಿನ ಚಿಪ್ಪಿನ ಇದ್ದಿಲು, ಮರಳು ಒಂದರ ಮೇಲೊಂದು ತುಂಬಿದೆ. ಮಾಡಿನ ನೀರೂ ಕಾಲುವೆಗೇ ಬಂದು, ಸೋಸಿ, ಗುಂಡಿಯಿಂದ ಭೂಮಿಗೆ ಇಳಿಯಬೇಕು.

ಜಾಸ್ತಿ ಮಳೆಯಾದರೆ ಉಕ್ಕಿದ ನೀರು ಕೆರೆಯ ಹಳ್ಳ ಸೇರಲು ಅಕ್ಕನ ಬದುವಿನ ಮೇಲೇ ದಾರಿ ಬೇಕಿತ್ತು. ಕೇಳಲು ಹೋದಾಗ ಅಣ್ಣನೂ ಜೊತೆಗಿದ್ದ. ಆಕೆಯ ಚಿಂತೆ ದಾರಿಯದ್ದಾಗಿರಲಿಲ್ಲ.

“ನಿಮ್ಮ ಬೋರು, ನಮ್ಮ ಬೋರು ಒಂದೇ ಸೆಲೆ ಅಂತ ಕೊರೆಯೋಕೆ ಬಂದೋರೇ ಹೇಳಿದ್ರು. ನೀವು ಅಲ್ಲಿ ಬಿಟ್ಟಿದ್ದನ್ನ ನಾವು ಇಲ್ಲಿ ಕುಡೀಬೇಕು ಕಣವ್ವಾ,” ಎಂದಳು.

“ಮಳೆನೀರು ಬಿಟ್ಟು ಬೇರೆ ಒಂದು ತೊಟ್ಟೂ ಆ ಗುಂಡಿಗೆ ಇಳಿಯಲ್ಲ ಅಕ್ಕಾ. ನನ್ನ ಮಾತು,” ಎಂದೆ.

ಅಣ್ಣ ಪಕ್ಕದಿಂದ, “ನನ್ನ ತಂಗಿ ಮಾತು ಅಂದ್ರೆ ನನ್ನ ಮಾತೇ,” ಎಂದ. ಆಕೆ ಕಾಗದ ಗೀಗದ ಕೇಳಲಿಲ್ಲ, ಗುದ್ದಲಿ ತಂದು ಬದುವಿನಲ್ಲಿ ದಾರಿಯನ್ನು ತಾನೇ ಬಿಡಿಸಿಕೊಟ್ಟಳು.

ಮೊದಲ ದೊಡ್ಡ ಮಳೆಯ ದಿನ ನಾನು ಬಸ್ಸು ಬಿಟ್ಟು ಫ್ಯಾಕ್ಟರಿಯಲ್ಲೇ ಉಳಿದೆ. ನೀರು ಕಾಲುವೆಗೆ ಇಳಿಯಿತು, ಲಾವಂಚದ ನಡುವೆ ನಿಧಾನವಾಗಿ ಹರಿಯಿತು, ಗುಂಡಿಯಲ್ಲಿ ಸುತ್ತಿತು, ಮಾಯವಾಯಿತು. ಮಳೆ ನಿಂತ ಸ್ವಲ್ಪ ಹೊತ್ತಿಗೆ ಅಂಗಳ ಬರಿದಾಗಿತ್ತು. ಕೆಲಸದ ಹೆಂಗಸರು ಚಪ್ಪಾಳೆ ತಟ್ಟಿದರು. ಮಾರನೆಯ ಬೆಳಿಗ್ಗೆ ಪ್ರೆಸ್ಸು ಎಂದಿನಂತೆ ಶುರುವಾಯಿತು. ಹಾಗೆ ಮಳೆಯ ಮಾರನೆಯ ದಿನ ಶುರುವಾದದ್ದು ಅದೇ ಮೊದಲು. ಆಮೇಲೆ ಒಂದೊಂದೇ ಲಾಭ ಕಾಣತೊಡಗಿತು. ಲಾರಿ ಹೂತುಕೊಳ್ಳುವುದು ನಿಂತಿತು. ಮೋಟಾರು ಸುಡಲಿಲ್ಲ. ಬೇಸಿಗೆಯಲ್ಲಿ ಪುಡಿಯ ಧೂಳು ಹುಲ್ಲಿಗೆ ಅಂಟಿ ಶೆಡ್ಡಿನೊಳಗೆ ಕೆಮ್ಮು ಕಡಿಮೆಯಾಯಿತು. ಹೆಂಗಸರು ಬುತ್ತಿ ಬಿಚ್ಚಲು ಕಾಲುವೆಯ ಪಕ್ಕಕ್ಕೇ ಹೋಗತೊಡಗಿದರು. ಮುಂದಿನ ವರ್ಷ ಬೇಸಿಗೆಯಲ್ಲಿ ಅಕ್ಕನ ಬೋರು ತಡೆದು ತಡೆದು ಬರುವುದನ್ನು ಬಿಟ್ಟು ಪೈಪಿನ ತುಂಬ ನೀರು ಕೊಟ್ಟಿತು. ಆಕೆ ಒಂದು ಚೀಲ ಈರುಳ್ಳಿ ತಂದು ಆಫೀಸಿನ ಮುಂದೆ ಇಳಿಸಿದಳು. “ಕಾಫಿ ಬೇಡ ಅಂದಿದ್ದಕ್ಕೆ ಹಾಲು ಕಳಿಸಿದೀಯಲ್ಲೇ,” ಎಂದು ನನ್ನ ಗಲ್ಲ ಹಿಂಡಿದಳು. ಸತ್ಯ ಹೇಳುತ್ತೇನೆ, ನನ್ನ ಬದುಕಿನಲ್ಲಿ ಅಷ್ಟು ಹೆಮ್ಮೆ ನನಗೆ ಮಕ್ಕಳ ಪರೀಕ್ಷೆಗಳಿಂದಲೂ ಬಂದಿರಲಿಲ್ಲ.

ಹೊರಗಿನಿಂದ ಪುಡಿ ಕೊಳ್ಳುವವರು ನೋಡಲು ಬಂದರು. ಹಸಿರು ಫ್ಯಾಕ್ಟರಿ ಎಂದು ಕಾಲುವೆಯ ಮುಂದೆ ಅಣ್ಣನನ್ನೂ ನನ್ನನ್ನೂ ನಿಲ್ಲಿಸಿ ಫೋಟೋ ತೆಗೆದರು. ಆರ್ಡರು ಹೆಚ್ಚಿತು. ಅವರಿಗೆ ಚೆನ್ನಾಗಿ ತೊಳೆದು ಉಪ್ಪಿನಂಶ ತೀರಾ ಇಳಿಸಿದ ಪುಡಿಯೇ ಬೇಕು, ಹಾಗಾಗಿ ತೊಳೆಯುವ ತೊಟ್ಟಿ ಒಂದಿದ್ದದ್ದು ಮೂರಾಯಿತು. ತೊಳೆದ ನೀರು ಉಪ್ಪು, ಕಪ್ಪು. ಅದನ್ನು ಮೊದಲಿಂದಲೂ ಹಿಂದುಗಡೆ ಟಾರ್ಪಾಲು ಹಾಸಿದ ಹೊಂಡಕ್ಕೆ ಬಿಟ್ಟು ಬಿಸಿಲಿಗೆ ಒಣಗಿಸುತ್ತಿದ್ದೆವು. ಮೂರು ತೊಟ್ಟಿಯ ನೀರನ್ನು ಆ ಹೊಂಡ ಹೇಗೆ ತಡೆಯುತ್ತದೆ ಎಂದು ಅಣ್ಣನನ್ನು ಒಂದು ಸಲ ಕೇಳಿದೆ. “ತಡೀತಿದೆಯಲ್ಲ, ನೋಡು,” ಎಂದ. ನೋಡಿದೆ, ಹೊಂಡ ಉಕ್ಕಿರಲಿಲ್ಲ. ಅಲ್ಲಿಗೆ ಬಿಟ್ಟುಬಿಟ್ಟೆ.

ಅದೇ ಸಮಯಕ್ಕೆ ಮಗಳ ಬಾಣಂತನ ಬಂದು ಎರಡು ತಿಂಗಳು ಫ್ಯಾಕ್ಟರಿಯ ಕಡೆ ತಲೆ ಹಾಕಲಾಗಲಿಲ್ಲ. ಮತ್ತೆ ಹೋದ ದಿನ ನೋಡಿದರೆ ತೊಟ್ಟಿಗಳ ಕಡೆಯಿಂದ ನನ್ನ ಕಾಲುವೆಯ ಕೊನೆಯ ಗುಂಡಿಯವರೆಗೆ ಹೊಸದಾಗಿ ಒಂದು ಸಾಲು ಲಾವಂಚ ನೆಟ್ಟಿದ್ದರು.

“ನೀನಿಲ್ದಾಗ ನಾನೇ ನಿಂತು ನೆಡಿಸ್ದೆ ಕಣೇ. ಚೆನ್ನಾಗಿದೆಯಾ?” ಎಂದ ಅಣ್ಣ.

ನನ್ನ ಕಣ್ಣಲ್ಲಿ ನೀರು ಬಂತು. ಹುಲ್ಲು ಎಂದರೆ ಹಸು ಎನ್ನುತ್ತಿದ್ದವನು! ಮನೆಗೆ ಹೋಗಿ ಮಗಳಿಗೆ ಹೇಳಿದೆ, ಗಂಡನಿಗೆ ಹೇಳಿದೆ, ಫೋನಿನಲ್ಲಿ ನೆಂಟರಿಗೆಲ್ಲ ಹೇಳಿದೆ. ಈಗ ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಹಿಂಗಾರು ಮುಗಿದು ಕೆಲವು ವಾರವಾಗಿತ್ತು. ಅಕ್ಕ ಬಂದು, “ಸ್ವಲ್ಪ ಬಾರವ್ವಾ,” ಎಂದು ಕರೆದಳು, ಈ ಸಲ ಜಗಳದ ಧ್ವನಿಯಲ್ಲಿ ಅಲ್ಲ. ಬೋರಿನ ಸ್ವಿಚ್ಚು ಹಾಕಿದಳು. ಬಿಳಿ ಬಕೆಟ್ಟಿನಲ್ಲಿ ಬಿದ್ದ ನೀರು ತೆಳು ಚಹಾದ ಬಣ್ಣಕ್ಕಿತ್ತು. ನಾಲಿಗೆಗೆ ಇಟ್ಟರೆ ಒಗರು, ಹಿಂದೆಯೇ ಉಪ್ಪು.

ನನಗೆ ಒಂದೇ ಕಾರಣ ಹೊಳೆಯಿತು. ಮಟ್ಟೆ! ನೆನೆದ ಮಟ್ಟೆ ಬಣ್ಣ ಬಿಡುತ್ತದೆ ಎಂಬುದು ನಮ್ಮೂರಿನ ಎಳೆಮಕ್ಕಳಿಗೂ ಗೊತ್ತು. ತರೀಕೆರೆಯವರು ಬೇರೆ ಹೇಳಿದ್ದರೂ ಅಮ್ಮನ ಪದ್ಧತಿ ಎಂದು ಹೂತು ಕೂತವಳು ನಾನು. ಅಣ್ಣನ ಹತ್ತಿರ ಓಡಿಬಂದು ಹೇಳಿದೆ.

“ನಿನ್ನ ಮಟ್ಟೆದೇ ಇರ್ಬೇಕು ಕಣೇ,” ಎಂದ. “ತೆಗೆಸ್ಬಿಡು.”

ತೆಗೆಸಲಿಲ್ಲ, ನಾನೇ ತೆಗೆದೆ. ನನ್ನ ತಪ್ಪಿಗೆ ಬೇರೆಯವರು ಯಾಕೆ ಬೆನ್ನು ಬಗ್ಗಿಸಬೇಕು? ಮೂರು ದಿನ ಸೆರಗು ಸಿಕ್ಕಿಸಿ ಕಾಲುವೆಗೆ ಇಳಿದು, ಲಾವಂಚ ಕಿತ್ತು, ಮಣ್ಣು ಎಳೆದು, ಒಂದೊಂದೇ ಮಟ್ಟೆ ಎತ್ತಿ ಹಾಕಿದೆ. ಅಂಗೈ ಬೊಬ್ಬೆಯಾಯಿತು. ಅಣ್ಣ ಆಫೀಸಿನ ಜಗುಲಿಯಲ್ಲಿ ಕೂತು ನೋಡುತ್ತಿದ್ದ. ಎರಡನೆಯ ದಿನ ಎಳನೀರು ಕೊಚ್ಚಿ ತಂದುಕೊಟ್ಟ, “ಸಾಕು ಬಿಡೇ, ಸುಸ್ತಾಗ್ತೀಯ,” ಎಂದ. ಕೊನೆಯ ದಿನ ಸಂಜೆ ನಾನು ಅಕ್ಕನ ಮನೆಗೆ ಹೋಗಿ ಆಕೆಯ ಎರಡೂ ಕೈ ಹಿಡಿದುಕೊಂಡು, “ತಪ್ಪು ನನ್ನದು, ಇನ್ನು ಸರಿಹೋಗತ್ತೆ,” ಎಂದೆ. ಆಕೆಯೇ ನನಗೆ ಸಮಾಧಾನ ಹೇಳಿ, ಮಜ್ಜಿಗೆ ಕುಡಿಸಿ ಕಳಿಸಿದಳು.

ಸರಿಹೋಗಲಿಲ್ಲ. ವಾರ ಕಳೆಯುವಷ್ಟರಲ್ಲಿ ಬಣ್ಣ ಇನ್ನೂ ಗಾಢವಾಯಿತು.

ಒಂದು ಮಧ್ಯಾಹ್ನ ಗುಂಡಿಯ ಅಂಚಿನಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದೆ. ಯಾಕೋ ಮರಳಿನೊಳಗೆ ಕೈ ಹಾಕಿದೆ. ಒದ್ದೆ. ಮಳೆ ಬಂದು ಎಷ್ಟು ದಿನವಾಗಿತ್ತು! ಇನ್ನೂ ಆಳಕ್ಕೆ ಹಾಕಿದರೆ ಲೋಳೆ ಲೋಳೆಯಾಗಿ ಬೆರಳಿಗೆ ಅಂಟಿತು. ಕಿವಿಗೊಟ್ಟರೆ ಕಲ್ಲುಗಳ ಸಂದಿಯಲ್ಲಿ ನೀರು ಬೀಳುವ ಸದ್ದು ಕೇಳಿಸಿತು. ಸದ್ದು ಬಂದ ಕಡೆ ಮಣ್ಣು ಕೆದಕುತ್ತ ಹೋದೆ. ಅಣ್ಣ ನಿಂತು ನೆಡಿಸಿದ ಲಾವಂಚದ ಸಾಲಿಗೆ ಬಂದು ನಿಂತೆ. ಒಂದು ಬುಡ ಹಿಡಿದು ಎಳೆದೆ. ಅದರಡಿ ಕಪ್ಪು ಪೈಪು ಇತ್ತು. ತೊಳೆಯುವ ತೊಟ್ಟಿಯಿಂದ ನೆಟ್ಟಗೆ ನನ್ನ ಗುಂಡಿಗೆ. ಜೋಡಣೆಗಳಿಗೆಲ್ಲ ಅಚ್ಚುಕಟ್ಟಾಗಿ ಸಿಮೆಂಟು ಮೆತ್ತಿದ್ದರು.

ನನಗೆ ಮೊದಲು ಸಿಟ್ಟು ಬರಲಿಲ್ಲ. ಕೈಯಲ್ಲಿ ಆ ಹುಲ್ಲಿನ ಬುಡ ಹಿಡಿದುಕೊಂಡು, ಮೂರು ದಿನ ಅವನು ಜಗುಲಿಯಲ್ಲಿ ಹೇಗೆ ಕೂತಿದ್ದ ಎಂದು ಯೋಚಿಸಿದೆ. ನಾನು ಒಂದೊಂದು ಮಟ್ಟೆ ಎತ್ತುವಾಗಲೂ ಅವನಿಗೆ ಗೊತ್ತಿತ್ತು. ಎಳನೀರು ಕೊಡುವಾಗಲೂ ಗೊತ್ತಿತ್ತು. ಆಮೇಲೆ ಸಿಟ್ಟು ಬಂತು.

ಆಫೀಸಿಗೆ ನುಗ್ಗಿ ಮಣ್ಣು ಮೆತ್ತಿದ ಬುಡವನ್ನು ಅವನ ಮೇಜಿನ ಮೇಲೆ ಹಾಕಿದೆ. ಅವನು ಬೆಚ್ಚಿಬೀಳಲಿಲ್ಲ.

“ಎಲ್ಲಿಗೆ ಬಿಡ್ಲಿ ಹೇಳು? ಆರ್ಡರ್ ಬೇಡ ಅನ್ನಕ್ಕಾಗತ್ತಾ? ಹೊಂಡ ತುಂಬಿ ಉಕ್ಕೋಕೆ ಬಂದಿತ್ತು. ಅಷ್ಟು ಮಳೆನೀರನ್ನ ಕುಡ್ಕೊಳ್ಳೋ ಗುಂಡಿ ಇದನ್ನೂ ಕುಡ್ಕೊಳ್ತು. ನೀನೇ ತಾನೇ ಅಷ್ಟು ಚೆನ್ನಾಗಿ ಮಾಡಿದ್ದು?”

“ಅವ್ರು ಅದನ್ನ ಕುಡೀತಾರೆ ಕಣೋ! ನಾನು ಮಾತು ಕೊಟ್ಟಿದ್ದೆ, ನೀನೂ ಪಕ್ಕದಲ್ಲೇ ನಿಂತಿದ್ದೆ!”

“ಒಂದೇ ಸೆಲೆ ಅಂತ ಆ ಯಮ್ಮ ಅಂದ್ರೆ ನಿಜ ಆಗ್ಬಿಡತ್ತಾ? ಅವ್ರ ಬೋರಿಗೇ ಹೋಗತ್ತೆ ಅಂತ ನಂಗೇನು ಕನಸು ಬಿದ್ದಿತ್ತಾ? ಮರಳು, ಇದ್ದಿಲು ಎಲ್ಲ ಇದೆಯಲ್ಲ, ಸೋಸತ್ತೆ ಅಂದ್ಕೊಂಡೆ.”

“ಮತ್ತೆ ಮೂರು ದಿನ ನನ್ನ ಯಾಕೆ ಅಗೆಯೋಕೆ ಬಿಟ್ಟೆ?”

ಅದಕ್ಕೆ ಅವನು ಕಿಟಕಿಯ ಕಡೆ ನೋಡಿದ. “ಕೂಗ್ಬೇಡ. ಖಾತೇಲಿ ನಿನ್ನ ಹೆಸರೂ ಇದೆ. ಸಿಕ್ಕಿಹಾಕ್ಕೊಂಡ್ರೆ ಇಬ್ರೂ ಸಿಕ್ಕಿಹಾಕ್ಕೊಳ್ತೀವಿ, ನೆನಪಿಟ್ಕೋ,” ಎಂದ. ಆ ಹೆಸರು ಬರೆಸಿದ ದಿನ ನಾನು ಅತ್ತದ್ದೆಲ್ಲ ಸುಳ್ಳಾಯಿತು.

ಅಲ್ಲಿಂದ ನೇರ ಅಕ್ಕನ ಮನೆಗೆ ಹೋದೆ. ಎಲ್ಲವನ್ನೂ ಹೇಳಿದೆ, ಪೈಪು ತೋರಿಸುತ್ತೇನೆ ಬಾ ಎಂದೆ. ಆಕೆ ಬರಲಿಲ್ಲ, ಕೂತಲ್ಲೇ ಈರುಳ್ಳಿ ಬಿಡಿಸುತ್ತಿದ್ದಳು.

“ಒಂದೇ ಮನೆಯೋರು. ದಿನಾ ಅಲ್ಲೇ ಓಡಾಡೋಳು. ನಿಂಗೆ ಗೊತ್ತೇ ಇರ್ಲಿಲ್ಲ ಅಂದ್ರೆ ಹೆಂಗೆ ನಂಬ್ಲವ್ವಾ?” ಎಂದಳು.

ಆಕೆಯ ಜಾಗದಲ್ಲಿದ್ದಿದ್ದರೆ ನಾನೂ ನಂಬುತ್ತಿರಲಿಲ್ಲ.

ಅಕ್ಕನ ಮನೆಯವರು ಪಂಚಾಯ್ತಿ ಸೇರಿಸಿದಾಗ ಅಣ್ಣ, “ಗುಂಡಿ ಕೆಲಸವೆಲ್ಲ ನಮ್ಮ ತಂಗೀದು,” ಎಂದು ಶುರುಮಾಡಿದ. ನಾನು ಎದ್ದು ನಿಂತು ಪೈಪಿನ ವಿಷಯವನ್ನು ಎಲ್ಲರ ಮುಂದೆ ಹೇಳಿದೆ. ಅಣ್ಣನ ಮಾನ ಕಳೆದಳೆಂದು ನೆಂಟರು ನನ್ನನ್ನೇ ಬೈದರು. ಬೈಯಲಿ! ಪಂಚಾಯ್ತಿಯವರ ಮಾತಿಗೆ ಫ್ಯಾಕ್ಟರಿಯಲ್ಲಿ ಪುಡಿ ತೊಳೆಯುವ ಕೆಲಸ ನಿಂತಿತು. ಪೈಪಿನ ಬಾಯಿಗೆ ನಾನೇ ಸಿಮೆಂಟು ತುಂಬಿದೆ. ಗುಂಡಿಯ ಮರಳು, ಇದ್ದಿಲು, ಜಲ್ಲಿ ಎಲ್ಲ ತೆಗೆದು ಹೊಸದು ಹಾಕಿಸಿ, ಕಾಲುವೆಯಲ್ಲಿ ಮತ್ತೆ ಲಾವಂಚ ನೆಟ್ಟೆ. ಅಕ್ಕನ ಬೋರನ್ನು ದಿನಗಟ್ಟಲೆ ಓಡಿಸಿ ನೀರು ಹೊರಗೆ ಚೆಲ್ಲಿಸಿದೆವು. ಒಂದೆರಡು ಮಳೆಯಾದ ಮೇಲೆ ನೀರು ತಿಳಿಯಾಯಿತು, ಪರೀಕ್ಷೆ ಮಾಡಿಸಿದರೂ ಸರಿಯಿದೆ ಎಂದರು. ಕಾಲುವೆ ಈಗಲೂ ತನ್ನ ಕೆಲಸ ಮಾಡುತ್ತಿದೆ, ಅಂಗಳದಲ್ಲಿ ನೀರು ನಿಲ್ಲುವುದಿಲ್ಲ. ಆದರೆ ಅಕ್ಕನ ಗಂಡ ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನು ತುಂಬಿಸಿಕೊಂಡು ಗಾಡಿಯಲ್ಲಿ ತರುತ್ತಾನೆ. “ನೀರು ಸರಿಹೋಗಿದೆ, ಗೊತ್ತು ಕಣವ್ವಾ. ಗಂಟಲಲ್ಲಿ ಇಳಿಯಲ್ಲ,” ಎಂದಳು ಅಕ್ಕ. ಈಗ ನನ್ನನ್ನು ಕಂಡರೆ ನಗುತ್ತಾಳೆ, ಒಳಗೆ ಬಾ ಎನ್ನುವುದಿಲ್ಲ.

ನಾನು ಫ್ಯಾಕ್ಟರಿಗೆ ಹೋಗುವುದನ್ನು ಬಿಟ್ಟೆ. ಅಣ್ಣನ ಜೊತೆ ಮಾತು ಬಿಟ್ಟೆ. ಆದರೂ ಒಡಹುಟ್ಟಿದವನು, ಮನಸ್ಸು ಏನಾದರೂ ನೆಪ ಹುಡುಕುತ್ತದೆ. ದುರಾಸೆಯಿಂದ ಮಾಡಿದ, ಹೇಡಿಯಂತೆ ಮುಚ್ಚಿಟ್ಟ, ಎರಡೂ ನಿಜ. ಆದರೆ ಆ ನೀರು ಅವರ ಲೋಟಕ್ಕೆ ಹೋಗುತ್ತದೆಂದು ಅವನಿಗೆ ಗೊತ್ತಿರಲಿಲ್ಲ ಎಂಬ ಒಂದೇ ಮಾತನ್ನು ಹಿಡಿದುಕೊಂಡು ನಾನು ಒಂದು ವರ್ಷ ಕಳೆದೆ.

ಈ ಯುಗಾದಿಯ ಮಾರನೆಯ ದಿನ ಅವನೇ ಮನೆಗೆ ಬಂದ. ಹಬ್ಬದ ದಿನಗಳು, ಬಾಗಿಲಿಗೆ ಬಂದವನನ್ನು ಹೇಗೆ ಕಳಿಸಲಿ? ಮಣೆ ಹಾಕಿ, ಹೋಳಿಗೆ ಬಡಿಸಿ, ತುಪ್ಪ ಹಾಕಿದೆ. ತಿನ್ನುತ್ತ ತಿನ್ನುತ್ತ ಮೊದಲಿನ ಹಾಗೇ ಮಾತಾಡತೊಡಗಿದ. ನನಗೂ ಎದೆಯ ಮೇಲಿನ ಕಲ್ಲು ಸ್ವಲ್ಪ ಸರಿದ ಹಾಗಾಯಿತು.

“ತೊಳೆಯೋದಕ್ಕೆ ಅಜ್ಜಂಪುರದ ಹತ್ರ ಜಾಗ ತಗೊಂಡಿದೀನಿ ಕಣೇ,” ಎಂದ. “ಅಲ್ಲೂ ನಿನ್ನದೊಂದು ಕಾಲುವೆ, ಗುಂಡಿ ಮಾಡ್ಕೊಡು. ಕೊಳ್ಳೋರು ಮೊದಲು ಕೇಳೋದೇ ಅದನ್ನ.”

“ತೊಳೆದ ನೀರು?” ಎಂದೆ.

“ಅದಕ್ಕೆ ಹೆದರ್ಬೇಡ. ಅಲ್ಲಿ ಸುತ್ತಮುತ್ತ ಯಾರ ಬೋರೂ ಇಲ್ಲ, ನೋಡ್ಕೊಂಡೇ ತಗೊಂಡೆ. ಇಲ್ಲಿ ಆ ಯಮ್ಮನ ಬೋರು ಪಕ್ಕದಲ್ಲೇ ಇತ್ತಲ್ಲ, ಅದೇ ತಲೆನೋವು. ಪೈಪ್ ಹಾಕಿದ ಮೊದಲನೇ ತಿಂಗಳು ವಾರಕ್ಕೊಂದ್ಸಲ ಅವ್ರ ಮನೆಗೆ ಹೋಗಿ, ಬಾಯಾರಿಕೆ ಅಂತ ನೀರು ಇಸ್ಕೊಂಡು ನೋಡ್ತಿದ್ದೆ. ಆವಾಗೆಲ್ಲ ಬಣ್ಣ ಬಂದಿರ್ಲಿಲ್ಲ ಕಣೇ. ಬಂದ್ಮೇಲೆ ನಾನು ಕುಡಿಯೋಕೆ ಹೋಗ್ಲಿಲ್ಲ.”

ಅವನು ಅದನ್ನು ಮುಚ್ಚಿಡಬೇಕಾದ ಮಾತೆಂದೂ ತಿಳಿದಿರಲಿಲ್ಲ. ನಾನು ತುಪ್ಪದ ಮಿಳ್ಳೆಯನ್ನು ಕೆಳಗಿಟ್ಟು, ಎದ್ದು ಹೋಗು ಎಂದೆ. ಕೇಳಿಸಲಿಲ್ಲವೇನೋ, ಇನ್ನೊಂದು ಹೋಳಿಗೆಗೆ ತಟ್ಟೆ ಮುಂದೆ ಚಾಚಿದ.